ಬೆಡ್ ರೆಡಿ

ನನ್ನ ಬೀಗಿತ್ತಿ ಸ್ಕ್ಯಾನಿಂಗ್ ಚಿತ್ರವನ್ನು ತಲೆಕೆಳಗಾಗಿ ಹಿಡಿದುಕೊಂಡು ಅತ್ತರು. ನಾನು ಅದನ್ನು ನೆಟ್ಟಗೆ ಹಿಡಿದು ಓದಿದೆ. ನಮ್ಮ ಎರಡು ಮನೆಗಳ ಪೈಕಿ ಯಾರಿಗೆ ಹೃದಯವಿದೆ, ಯಾರಿಗೆ ಇಲ್ಲ ಎಂಬುದು ಅಷ್ಟರಲ್ಲೇ ತೀರ್ಮಾನವಾಗಿಹೋಯಿತು.

ಇದು ನಡೆದದ್ದು ನವುಲೆಯಲ್ಲಿ, ಮಗಳ ಮನೆಯ ಹಾಲ್‌ನಲ್ಲಿ. ಮಗಳು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅದು ಅವಳ ಚೊಚ್ಚಲ ಬಸಿರು. ಅವಳ ಅತ್ತೆ ಹೊಳಲೂರು ಕಡೆಯ ಬೇಸಾಯದ ಮನೆತನದವರು. ಗದ್ದೆಯನ್ನು ಮೈದುನನಿಗೆ ಒಪ್ಪಿಸಿ ಮಗ ಸೊಸೆಯ ಜೊತೆ ಪೇಟೆಯಲ್ಲಿದ್ದಾರೆ. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಣ್ಣಿಗೂ ಕಣ್ಣೀರಿಗೂ ನಡುವೆ ಬಾಗಿಲು ಎಂಬುದೇ ಇಲ್ಲ. ಧಾರಾವಾಹಿಯಲ್ಲಿ ಸೊಸೆ ಅತ್ತರೆ ಅಳುತ್ತಾರೆ, ಅತ್ತೆ ಅತ್ತರೂ ಅಳುತ್ತಾರೆ, ನಡುವೆ ಬರುವ ಅಡುಗೆ ಎಣ್ಣೆಯ ಜಾಹೀರಾತಿನಲ್ಲಿ ಮಗು ಪೂರಿ ತಿಂದರೂ ಕಣ್ಣೊರೆಸಿಕೊಳ್ಳುತ್ತಾರೆ.

"ನೋಡಿ ಸಿಸ್ಟರಮ್ಮ, ಮೂಗು ನಮ್ಮನೇದೇ" ಎಂದು ಬೆರಳಿಟ್ಟು ತೋರಿಸಿದರು.

"ಅದು ಮೊಣಕಾಲು" ಎಂದೆ.

"ಆದ್ರೇನಂತೆ, ಮೊಣಕಾಲೂ ನಮ್ಮನೇದೇ" ಎಂದು ಇನ್ನೊಂದು ಸುತ್ತು ಅತ್ತರು.

ನಾನು ಅವರ ಕೈಯಿಂದ ಹಾಳೆಯನ್ನು ತೆಗೆದುಕೊಂಡು ಸರಿಯಾಗಿ ತಿರುಗಿಸಿ ಓದಿದೆ. ತೂಕ ಸರಿಯಾಗಿದೆ. ನೀರು ಸಾಕಷ್ಟಿದೆ. ಎದೆಬಡಿತ ಚೆನ್ನಾಗಿದೆ. ಬೆನ್ನುಮೂಳೆ ನೆಟ್ಟಗಿದೆ. ಇದಕ್ಕಿಂತ ಒಳ್ಳೆಯ ಸುದ್ದಿಯನ್ನು ಒಂದು ಹಾಳೆಯಲ್ಲಿ ಬರೆಯಲು ಸಾಧ್ಯವಿಲ್ಲವೆಂದು ನನ್ನ ಅಭಿಪ್ರಾಯ. "ಎಲ್ಲಾ ನಾರ್ಮಲ್" ಎಂದು ಹೇಳಿ, ಮಡಿಕೆ ಬೀಳದ ಹಾಗೆ ಕವರಿನೊಳಗೆ ಹಾಕಿ ಮಗಳಿಗೆ ಕೊಟ್ಟೆ. ಮಗಳು ನನ್ನ ಮುಖವನ್ನು ನೋಡುತ್ತಾ ನಿಂತಳು, ಹೊರಟುಹೋದ ಬಸ್ಸು ಹಿಂದಕ್ಕೆ ಬರಬಹುದೇನೋ ಎಂದು ಸ್ಟಾಪಿನಲ್ಲೇ ಕಾಯುವವರ ಹಾಗೆ.

"ಅಷ್ಟೇನಾಮ್ಮ?"

"ಇನ್ನೇನು ಬೇಕು?"

ಇನ್ನೇನು ಬೇಕಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಬೇಕಾಗಿದ್ದದ್ದು ಮುಖ. ಈಗಿನ ಕಾಲದಲ್ಲಿ ಏನನ್ನು ನೋಡಿದರೂ ಕೂಡಲೇ ಮುಖದಲ್ಲಿ ರಸೀದಿ ಕೊಡಬೇಕು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅದೇ ಚಿತ್ರ ಬಂದಾಗ ಬೀಗಿತ್ತಿ ಅಳುವ ಹಳದಿ ಮುಖಗಳನ್ನು ಸಾಲಾಗಿ ಕಳಿಸಿದರು. ನಾನು "ಸರಿ" ಎಂದು ಬರೆದೆ. ಕೊನೆಯಲ್ಲಿ ಚುಕ್ಕಿಯನ್ನೂ ಇಟ್ಟಿದ್ದೆ. ಆ ಚುಕ್ಕಿಯ ಬಗ್ಗೆ ಸಂಬಂಧಿಕರು ಬಹಳ ದಿನ ಮಾತಾಡಿಕೊಂಡರಂತೆ.

ನಾನು ಭದ್ರಾವತಿಯಲ್ಲಿ ಕಾರ್ಖಾನೆಯವರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಸೇರಿದ್ದು ಹುಡುಗಿಯಾಗಿ, ಹೊರಬಂದದ್ದು ನಿವೃತ್ತಿಯಾಗಿ. ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಹಾಸಿಗೆ ಹಾಸುವುದು. ಬಿಳಿ ಹೊದಿಕೆಯಲ್ಲಿ ಒಂದು ಸುಕ್ಕು ಇರಕೂಡದು, ಮೂಲೆಗಳು ಲಕೋಟೆಯ ಮಡಿಕೆಯ ಹಾಗಿರಬೇಕು, ದಿಂಬಿನ ಕವರಿನ ಬಾಯಿ ಬಾಗಿಲ ಕಡೆಗೆ ತಿರುಗಿರಕೂಡದು. ಎರಡನೆಯದಾಗಿ ಕಲಿಸಿದ್ದು ಮುಖವನ್ನು ಅದೇ ರೀತಿ ಸುಕ್ಕಿಲ್ಲದೆ ಇಡುವುದು. ಕುಲುಮೆಯ ಹತ್ತಿರ ಸುಟ್ಟುಕೊಂಡವರು ಬರುತ್ತಿದ್ದರು, ಬೆರಳು ಕಳೆದುಕೊಂಡವರು ಬರುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ನಮ್ಮ ಜನ್ನಾಪುರದ ಬೀದಿಯವರೇ. ಬೆಳಿಗ್ಗೆ ನಮ್ಮ ಮನೆಯ ಮುಂದೆ ಸೈಕಲ್ ಬೆಲ್ ಮಾಡಿ ಹೋದವರು. ನೋಡಿದ್ದು ಕಣ್ಣಿನಿಂದ ಸೀದಾ ಕೈಗೆ ಹೋಗಬೇಕು, ನಡುವೆ ಬೇರೆಲ್ಲೂ ಇಳಿಯಕೂಡದು. ರೋಗಿ ನಮ್ಮ ಮುಖದಲ್ಲೇ ತನ್ನ ಗತಿಯನ್ನು ಓದಿಕೊಳ್ಳುತ್ತಾನೆ ಎಂದು ನಮ್ಮ ಹಿರಿಯ ಸಿಸ್ಟರ್ ಹೇಳುತ್ತಿದ್ದರು. ಹಾಗಾಗಿ ನಾವು ಓದಲು ಏನೂ ಬರೆಯದೆ ಇಡುತ್ತಿದ್ದೆವು.

ಕೆಲಸದಿಂದ ನಿವೃತ್ತಿಯಾದ ಮೇಲೂ ಅಭ್ಯಾಸಗಳಿಗೆ ನಿವೃತ್ತಿಯಾಗಲಿಲ್ಲ. ನಮ್ಮ ಮನೆಯಲ್ಲಿ ಟವೆಲ್ಲುಗಳು ಒಂದೇ ಅಳತೆಗೆ ಮಡಚಿರುತ್ತವೆ, ಔಷಧಿಗಳು ಅವಧಿ ಮುಗಿಯುವ ಕ್ರಮದಲ್ಲಿ ನಿಂತಿರುತ್ತವೆ. ನಮ್ಮ ಮನೆಯವರು ಆಗಾಗ ಹೇಳುವುದುಂಟು: "ನಿನಗೆ ಪಿಂಚಣಿ ಬಂತು ಕಣೇ, ನಿನ್ನ ಮುಖಕ್ಕೆ ಇನ್ನೂ ಮಂಜೂರಾಗಿಲ್ಲ. ಅದು ಡ್ಯೂಟಿ ಮೇಲೇ ಇದೆ."

ಸೀಮಂತ ಹತ್ತಿರ ಬಂತು. ಚೊಚ್ಚಲ ಬಾಣಂತನ ತವರಿನದು. ಇದು ನಾನು ಮಾಡಿದ ಕಾನೂನಲ್ಲ. ಹಳೆಯ ಮೆತ್ತನೆ ಸೀರೆಗಳನ್ನು ಹರಿದು, ಕುದಿಸಿ, ಇಸ್ತ್ರಿ ಮಾಡಿ ಮಗುವಿನ ಬಟ್ಟೆಗಳನ್ನು ಜೋಡಿಸಿದ್ದೆ. ಬಾಣಂತಿ ಖಾರಕ್ಕೆ ಸಾಮಾನು ತಂದಿದ್ದೆ. ಬಚ್ಚಲ ಹಂಡೆ ಉಜ್ಜಿಸಿದ್ದೆ. ಸೊಳ್ಳೆ ಪರದೆ ಒಗೆದಿಟ್ಟಿದ್ದೆ. ಒಂದನ್ನು ಮಾತ್ರ ಮಾಡಿರಲಿಲ್ಲ. ಬೀದಿ ಕಡೆಯ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದೆ, ಹಾಸಿಗೆಯನ್ನು ಸುತ್ತಿ ಅಟ್ಟದ ಮೇಲಿಟ್ಟಿದ್ದೆ. ಒಂದು ಭಾನುವಾರ ಬಂದಿದ್ದ ಮಗಳು ಆ ಕೋಣೆಯೊಳಗೆ ಇಣುಕಿ, ಏನೂ ಹೇಳದೆ, ಮಜ್ಜಿಗೆ ಕುಡಿದು ಹೋಗಿದ್ದಳು.

ಹೇಳಿದ್ದು ಆಮೇಲೆ, ಫೋನಿನಲ್ಲಿ.

"ಅಮ್ಮಾ, ಬಾಣಂತನ ಇಲ್ಲೇ ಮಾಡಿಸ್ಕೋತೀನಿ ಅಂತಿದ್ದೀನಿ."

"ಇಲ್ಲೇ ಅಂದ್ರೆ?"

"ನವುಲೇಲೇ. ಅತ್ತೆ ಆಗ್ಲೇ ರೂಮು ರೆಡಿ ಮಾಡಿದಾರೆ. ಹೊಸಾ ಬೆಡ್‌ಶೀಟು, ತೊಟ್ಟಿಲು, ಗೋಡೆ ಮೇಲೆ ಮಗು ಫೋಟೋ. ನೀನು ಒಂದು ಮಂಚಾನೂ ಹಾಕಿಲ್ಲ."

"ಬಂದ ದಿನ ಹಾಕಿದ್ರಾಯ್ತು."

"ಅದೇ ಹೇಳೋದು. ನಿಂಗೆ ಅದು ಅಡ್ಮಿಷನ್ನು. ನಾನಲ್ಲಿಗೆ ಬಂದ್ರೆ ಪೇಷೆಂಟ್ ಆಗ್ತೀನಮ್ಮ, ಮಗಳಾಗಲ್ಲ."

ನಾನು "ಸರಿ" ಎಂದೆ. ಈ ಸಲ ಚುಕ್ಕಿ ತಾನೇ ಬಿತ್ತು.

ಹೊರಗೆ ಸರಿ ಎಂದರೂ ಒಳಗೆ ಸರಿಯಿರಲಿಲ್ಲ. ಈ ಊರಿನ ಎಷ್ಟೋ ಮಕ್ಕಳಿಗೆ ಮೊದಲ ಸ್ನಾನ ಮಾಡಿಸಿದ ಕೈ ನನ್ನದು. ನನ್ನ ಮೊಮ್ಮಗುವಿಗೆ ಮಾತ್ರ ಮೊಣಕಾಲನ್ನು ಮೂಗೆನ್ನುವವರು ನೀರು ಹಾಕುವುದೆಂದರೆ ಏನರ್ಥ? ಇದಲ್ಲದೆ ಬೀದಿಯವರಿಗೂ ಉತ್ತರ ಕೊಡಬೇಕಿತ್ತು. ಎದುರು ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೇಳಿದರು: "ಯಾಕ್ರೀ ಸಿಸ್ಟರ್, ಮಗಳು ಬರಲ್ವಂತೆ?" ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ನಲ್ಲಿ ನೀರಿಗಿಂತ ಸುದ್ದಿ ನಿಯಮಿತವಾಗಿ ಬರುತ್ತದೆ.

ಕೆಲವು ದಿನಗಳ ನಂತರ ಮಗಳು ಇನ್ನೊಂದು ವಿಷಯಕ್ಕೆ ಫೋನು ಮಾಡಿದಳು. ಅವಳ ಕಾಲೇಜಿನಲ್ಲಿ ಮನಃಶಾಸ್ತ್ರ ಓದುವ ಒಬ್ಬ ಹುಡುಗಿಗೆ ಪ್ರಾಜೆಕ್ಟ್ ಇತ್ತಂತೆ. ಚಿತ್ರಗಳನ್ನು ನೋಡಿದಾಗ ಮನುಷ್ಯರ ಮೈಯಲ್ಲಿ ಏನಾಗುತ್ತದೆ ಎಂದು ಅಳೆಯುವುದು. ವಯಸ್ಸಾದವರು ಸಿಗುತ್ತಿಲ್ಲ, ನೀನೂ ಅತ್ತೆಯೂ ಹೋಗಿ ಕೂತುಬನ್ನಿ ಎಂದಳು. ಎರಡು ಮನೆಗಳ ತಾಯಂದಿರನ್ನೇ ಆರಿಸಿದ್ದು ಕೇವಲ ವಿಜ್ಞಾನದ ಸೇವೆಗೆ ಎಂದು ನಂಬುವಷ್ಟು ಸಣ್ಣವಳಲ್ಲ ನಾನು. ಆದರೂ ಒಪ್ಪಿದೆ. ನನ್ನ ಇಸಿಜಿ ಯಾವತ್ತೂ ಸರಿಯಾಗಿಯೇ ಬಂದಿದೆ.

ಜನ್ನಾಪುರದಿಂದ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಇಳಿದು ಕಾಲೇಜು ತಲುಪುವಷ್ಟರಲ್ಲಿ ಬೀಗಿತ್ತಿ ಆಗಲೇ ಬಂದು, ಆ ಹುಡುಗಿಯ ತಾಯಿಯ ಊರು, ಅಜ್ಜಿಯ ಕಾಯಿಲೆ ಎಲ್ಲವನ್ನೂ ತಿಳಿದುಕೊಂಡು, ಒಂದು ಸಲ ಅತ್ತೂ ಮುಗಿಸಿದ್ದರು. ಹುಡುಗಿ ವಿನಯವಂತೆ. ಒಂದು ಲ್ಯಾಪ್‌ಟಾಪು, ಒಂದು ದೊಡ್ಡ ಪರದೆ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪುಗಳು. ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಬೆವರು ಬಂದರೂ ಈ ಯಂತ್ರಕ್ಕೆ ಗೊತ್ತಾಗುತ್ತದೆ ಎಂದಳು.

"ಆಂಟಿ, ಕಣ್ಣಿಗೆ ಬಿದ್ದ ಚಿತ್ರ ಮಿದುಳಲ್ಲಿ ಎರಡು ದಾರೀಲಿ ಹೋಗುತ್ತೆ ಅಂತಾರೆ. ಒಂದು ದಾರಿ ಗಿಡ್ಡದು. ಬಾದಾಮಿ ಕಾಳಿನ ಥರಾ ಒಂದು ಭಾಗ ಇದೆ, ಸೀದಾ ಅಲ್ಲಿಗೇ ಹೋಗುತ್ತೆ. ಇದೇನು ಅಂತ ನಮಗೆ ಗೊತ್ತಾಗೋಕೆ ಮುಂಚೇನೇ ಮೈ ಎಚ್ಚರ ಆಗಿರುತ್ತೆ. ಇನ್ನೊಂದು ಉದ್ದದ ದಾರಿ. ತಲೆ ಹಿಂಭಾಗಕ್ಕೆ ಹೋಗಿ, ಗುರುತು ಹಿಡಿದು, ನೆನಪನ್ನೆಲ್ಲ ವಿಚಾರಿಸ್ಕೊಂಡು ನಿಧಾನಕ್ಕೆ ಬರುತ್ತೆ."

"ಅಂದ್ರೆ ಒಂದು ನಾನ್‌ಸ್ಟಾಪು, ಇನ್ನೊಂದು ಕೈ ತೋರಿಸಿದಲ್ಲೆಲ್ಲಾ ನಿಲ್ಲೋದು" ಎಂದರು ಬೀಗಿತ್ತಿ.

ಹುಡುಗಿ ಇದನ್ನು ಬಹಳ ಮೆಚ್ಚಿಕೊಂಡಳು. ಆ ಬಾದಾಮಿಯ ಹೆಸರು ಅಮಿಗ್ಡಲ ಎಂದು ನನಗೆ ತರಬೇತಿಯ ಕಾಲದಿಂದ ಗೊತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಮೊದಲು ಬೀಗಿತ್ತಿಯ ಸರದಿ. ಒಂದೊಂದು ಚಿತ್ರ ನೋಡಿದ ಮೇಲೂ ಅಳುಮುಖದಿಂದ ನಗುಮುಖದವರೆಗೆ ಸಾಲಾಗಿದ್ದ ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ನಾನು ಹಿಂದಿನ ಕುರ್ಚಿಯಲ್ಲಿದ್ದೆ. ಪರದೆಯ ಮೇಲೆ ಹಾವು ಬಂತು. ಹುಡುಗಿ ಉಸಿರು ಬಿಗಿಹಿಡಿದು ಯಂತ್ರ ನೋಡಿದಳು.

"ಕೇರೆ ಹಾವು ಪಾಪ" ಎಂದು ಬೀಗಿತ್ತಿ ನಗುಮುಖ ಒತ್ತಿದರು. "ಗದ್ದೇಲಿ ಇಲಿ ತಿಂದುಕೊಂಡು ಅದರ ಪಾಡಿಗೆ ಇರುತ್ತೆ."

ನಾಯಿಮರಿ ಬಂತು, ಅತ್ತರು. ಹಿಮದ ಬೆಟ್ಟ ಬಂತು, ಸೆರಗು ಹೊದ್ದುಕೊಂಡರು. ಆಮೇಲೆ ಒಂದು ಕಪ್ಪು ಕೊಡೆ ಬಂತು. ಕೊಡೆ ಎಂದರೆ ಕೊಡೆ, ಅಷ್ಟೇ. ಯಾರಿಗೂ ಏನೂ ಅನ್ನಿಸಬಾರದೆಂದೇ ನಡುವೆ ಇಟ್ಟ ಚಿತ್ರ. ಬೀಗಿತ್ತಿ ಬಿಕ್ಕಿಬಿಕ್ಕಿ ಅತ್ತರು.

"ನಮ್ಮ ಮಾವನೋರು ಇಂಥದ್ದೇ ಇಟ್ಕೊಂಡಿದ್ರು ಮಾರಾಯ್ತಿ. ಹೊಳೆ ದಾಟೋವಾಗ ಕೂಡ ಬಿಡ್ತಿರ್ಲಿಲ್ಲ."

ಹುಡುಗಿ ದಿಕ್ಕು ತೋಚದೆ ಕೊಡೆಯ ಪಕ್ಕದಲ್ಲಿ ಏನೋ ಗುರುತು ಹಾಕಿಕೊಂಡಳು. ವಿಜ್ಞಾನಕ್ಕೆ ಹೊಳಲೂರಿನ ಮಾವನವರ ಬಗ್ಗೆ ಮುನ್ಸೂಚನೆ ಇರಲಿಲ್ಲ.

ನನ್ನ ಸರದಿ ಬಂದಾಗ ನಾನು ಕನ್ನಡಕ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಹಾವು ಬಂತು, ಹೋಯಿತು. ರಕ್ತ ಸೋರುವ ಕೈ ಬಂತು.

"ಬ್ಯಾಂಡೇಜ್ ಸಡಿಲ ಆಗಿದೆ" ಎಂದೆ.

"ಆಂಟಿ, ಮಾತಾಡಬಾರದು."

ಮೊದಲಿನವರು ಮಾವನವರ ಚರಿತ್ರೆಯನ್ನೇ ಹೇಳಿದಾಗ ಈ ನಿಯಮ ಎಲ್ಲಿತ್ತೋ. ಬೆಂಕಿ ಬಂತು. ಜಖಂ ಆದ ಕಾರು ಬಂತು. ಅಳುವ ಮಗು ಬಂತು. ಅದು ಹಸಿವಿನ ಅಳು, ನೋವಿನದಲ್ಲ, ಬಾಯಿ ನೋಡಿದರೆ ತಿಳಿಯುತ್ತದೆ. ಹೇಳಲಿಲ್ಲ. ಹುಡುಗಿಯ ಲ್ಯಾಪ್‌ಟಾಪಿನಲ್ಲಿ ನನ್ನ ಗೆರೆ ನೀರು ಬಿಡದ ತಿಂಗಳಿನ ಭದ್ರಾ ನಾಲೆಯ ಹಾಗೆ ಮಲಗಿತ್ತು. ಈ ಹೊತ್ತಿಗೆ ಮಗಳು ಪಾಠ ಮುಗಿಸಿ ಬಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ಆ ಗೆರೆಯನ್ನು ನೋಡಿದ್ದು ನನಗೆ ಪರದೆಯ ಗಾಜಿನಲ್ಲಿ ಕಂಡಿತು. ಪುರಾವೆ ಸಿಕ್ಕವಳ ಮುಖ. ಆದರೆ ಪುರಾವೆ ಸಿಕ್ಕಿದ್ದಕ್ಕೆ ಖುಷಿಪಟ್ಟ ಹಾಗೆ ಇರಲಿಲ್ಲ.

ಕೊನೆಗೆ ಸಾಮಾನುಗಳ ಸಾಲು. ಬಕೆಟ್ಟು. ಫ್ಯಾನು. ಕುರ್ಚಿ. ಆಮೇಲೆ ಒಂದು ಮಂಚ.

ಕಿಟಕಿಯ ಪಕ್ಕದಲ್ಲಿ ಮಂಚ. ಬಿಳಿ ಹೊದಿಕೆ, ಒಂದು ಸುಕ್ಕಿಲ್ಲ. ದಿಂಬು ನೇರವಾಗಿದೆ. ಕಾಲಿನ ಕಡೆ ಕಂಬಳಿ ಚೌಕವಾಗಿ ಮಡಚಿದೆ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಿದೆ. ಯಾರೂ ಇಲ್ಲ. ಒಳ್ಳೆಯ ಕೈಕೆಲಸ, ಮೂಲೆಗಳೂ ಸರಿಯಾಗಿವೆ. ನಾನು ನಡುವಿನ ಗುಂಡಿ ಒತ್ತಿದೆ, ಅಳುವೂ ಅಲ್ಲದ ನಗುವೂ ಅಲ್ಲದ ಮುಖ.

ಕ್ಲಿಪ್ಪು ಬಿಚ್ಚಿದ ಮೇಲೆ ಹುಡುಗಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ಆಂಟಿ, ಇಲ್ಲೇನಾಯ್ತು? ಹಾವಿಗೆ ಏರಿಲ್ಲ, ರಕ್ತಕ್ಕೆ ಏರಿಲ್ಲ. ಈ ಮಂಚಕ್ಕೆ ಇಷ್ಟು ಏರಿದೆ. ಕೊಡೆಗೆ ಆ ಆಂಟೀದು ಏರಿದ್ದಕ್ಕಿಂತ ಜಾಸ್ತಿ. ನೀವು ನೋಡಿದ್ರೆ ಮಧ್ಯದ್ದು ಒತ್ತಿದೀರ."

"ಸೊಳ್ಳೆ ಕಚ್ಚಿತು."

"ಇಲ್ಲಿ ಸೊಳ್ಳೆ ಇಲ್ಲ ಆಂಟಿ."

"ಶಿವಮೊಗ್ಗದಲ್ಲಿ ಸೊಳ್ಳೆ ಇಲ್ಲ ಅಂದವಳು ನೀನೇ ಮೊದಲು."

ಹುಡುಗಿ ನಕ್ಕಳು. ಮಗಳು ನಗಲಿಲ್ಲ. ಅವಳು ಹತ್ತಿರ ಬಂದು ಆ ಗೆರೆಯನ್ನು ನೋಡಿದಳು, ಪರದೆಯ ಮೇಲೆ ಇನ್ನೂ ಇದ್ದ ಮಂಚವನ್ನು ನೋಡಿದಳು, ನನ್ನನ್ನು ನೋಡಿದಳು.

"ಏನಮ್ಮಾ ಅದು?"

ಅವಳ ದನಿ ಚಿಕ್ಕವಳಾಗಿದ್ದಾಗಿನದು. ಸುಳ್ಳು ಹೇಳುವುದು ಕಷ್ಟವೇನಿರಲಿಲ್ಲ. ಆದರೆ ಯಂತ್ರ ಸಾಕ್ಷಿಗೆ ಕೂತಿರುವಾಗ ಸುಳ್ಳಿಗೆ ಶೋಭೆಯಿರುವುದಿಲ್ಲ. ಹಾಗಾಗಿ ಹೇಳಿದೆ.

ವಾರ್ಡಿನಲ್ಲಿ ಮಂಚಗಳು ಒತ್ತೊತ್ತಾಗಿರುತ್ತಿದ್ದವು. ರಾತ್ರಿ ಯಾರಾದರೂ ಹೋಗಿಬಿಟ್ಟರೆ ಪಕ್ಕದವರ ಕಿವಿಗೆ ಬೀಳುವಂತೆ ಅದನ್ನು ಹೇಳುವ ಹಾಗಿರಲಿಲ್ಲ. ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ರಾತ್ರಿಯ ಸಿಸ್ಟರ್ ಮಂಚದ ನಂಬರು ಹೇಳಿ, "ಬೆಡ್ ರೆಡಿ" ಎನ್ನುತ್ತಿದ್ದರು. ಅಷ್ಟೇ. ಯಾವ ಕಾಯಿಲೆ, ಯಾವ ಹೊತ್ತು, ನಾವು ಏನೂ ಕೇಳುತ್ತಿರಲಿಲ್ಲ. ಒಳಗೆ ಬಂದರೆ, ಹಿಂದಿನ ದಿನ ಮೊಸರನ್ನಕ್ಕೆ ಉಪ್ಪಿಲ್ಲವೆಂದು ನನ್ನ ಜೊತೆ ಜಗಳವಾಡಿದವನ ಮಂಚದ ಮೇಲೆ ಬಿಳಿ ಹೊದಿಕೆ, ಲಕೋಟೆಯ ಮೂಲೆ, ಕಿಟಕಿಯ ಬಿಸಿಲು. ಬೇರೆ ಮಂಚಗಳಲ್ಲೆಲ್ಲಾ ಸುಕ್ಕು, ಕಲೆ, ಕಿತ್ತಳೆ ಸಿಪ್ಪೆ. ಅದೊಂದೇ ಅಚ್ಚುಕಟ್ಟು. ಎಷ್ಟೋ ಸಲ ಆ ಹಾಸಿಗೆ ಹಾಸಿದ್ದು ನಾನೇ. ಚೆನ್ನಾಗಿ ಹಾಸುತ್ತೇನೆಂದು ಹೆಸರು ಬೇರೆ ಇತ್ತು.

ನನ್ನ ಮುಖ ತರಬೇತಿ ಪಡೆದಿತ್ತು. ಬೆರಳ ತುದಿಯ ಬೆವರನ್ನು ಯಾರೂ ತರಗತಿಗೆ ಕರೆದಿರಲಿಲ್ಲ ಎಂದು ಕಾಣುತ್ತದೆ.

"ಅದಕ್ಕೇ" ಎಂದೆ ಮಗಳಿಗೆ. "ಮನುಷ್ಯರು ಬರೋಕೆ ಮುಂಚೆ ಹಾಸಿಗೆ ಹಾಸಿಡೋದು ನಂಗೆ ಆಗಲ್ಲ. ಅದೂ ನಿಂಗೆ. ಅಷ್ಟು ಬಿಟ್ರೆ ಇದರಲ್ಲಿ ದೊಡ್ಡ ವಿಷಯ ಏನೂ ಇಲ್ಲ."

ಬೀಗಿತ್ತಿ ಈಗ ಅಳುತ್ತಾರೆಂದು ನಾನು ಕರ್ಚೀಫು ಹುಡುಕಿದೆ. ಅವರು ಅಳಲಿಲ್ಲ. ನಾಯಿಮರಿಗೆ, ಪೂರಿಗೆ, ಕೊಡೆಗೆ ಅತ್ತವರು ಕಣ್ಣು ಒಣಗಿಸಿಕೊಂಡು ಕೂತಿದ್ದರು. ಚೀಲ ಎತ್ತಿಕೊಂಡು ಎದ್ದರು.

"ನಮ್ಮನೇ ರೂಮಲ್ಲಿ ಯಾರೂ ಮಲಗದೆ ಹಾಸಿಟ್ಟು ಎಷ್ಟು ದಿನ ಆಯ್ತೋ ಏನೋ ಸಿಸ್ಟರಮ್ಮ. ನಡೀರಿ, ನಾನು ಮೊದಲು ಮನೆಗೆ ಹೋಗಿ ಅದರ ಮೇಲೆ ಒಂದ್ಸಲ ಉರುಳಾಡ್ತೀನಿ."

ಉರುಳಾಡಿದರಂತೆ. ಹಾಗೇ ನಿದ್ದೆ ಹೋಗಿ ಸಂಜೆ ಕಾಫಿಗೂ ಏಳಲಿಲ್ಲವಂತೆ.

ಮಗಳು ನನ್ನನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಬಂದಳು. ನಿಧಾನವಾಗಿ ನಡಿ, ನೀರು ಕುಡಿ, ಕಾಲು ಊದಿದೆ, ಸಂಜೆ ದಿಂಬಿನ ಮೇಲಿಟ್ಟುಕೋ ಎಂದು ನಾನು ಹೇಳಬೇಕಾದದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಅವಳು ಕೇಳಿಸಿಕೊಂಡಳು. ಬಸ್ಸು ಕಣ್ಣಿಗೆ ಬೀಳುವ ಹೊತ್ತಿಗೆ ಬಾಯಿ ಬಿಟ್ಟಳು.

"ಇಷ್ಟು ಹೇಳೋಕೆ ನಿಂಗೊಂದು ಮಿಷನ್ನು ಬೇಕಾಯ್ತಾ?"

"ನೀನು ಕೇಳ್ಲಿಲ್ಲ."

"ಕೇಳಿದ್ರೆ ಹೇಳ್ತಿದ್ಯಾ?"

"ಇಲ್ಲ."

ಅವಳು ನಕ್ಕಳು. ಕಣ್ಣಲ್ಲಿ ನೀರೂ ಇತ್ತು. ಅತ್ತೆಯ ಮನೆಯಲ್ಲಿ ಇದ್ದೂ ಇದ್ದೂ ಅವರ ಅಭ್ಯಾಸ ಹತ್ತಿರಬೇಕು.

"ಮಂಚ ಹಾಕ್ಬೇಡ. ನಾನು ಬರ್ತೀನಿ. ಬಂದು ನಾನೇ ಹಾಸ್ಕೋತೀನಿ."

"ಈ ಹೊಟ್ಟೆ ಇಟ್ಕೊಂಡು ಮಂಚ ಇಳಿಸೋಕೆ ಹೋಗ್ಬೇಡ. ಮಂಚ ನಿಮ್ಮಪ್ಪ ಇಳಿಸ್ತಾರೆ. ಹಾಸಿಗೆ ಮಾತ್ರ ನೀನು ಹಾಸ್ಕೋ."

"ಸರಿ" ಎಂದಳು. ಚುಕ್ಕಿ ಇಟ್ಟಳೋ ಇಲ್ಲವೋ ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ.

ಸೀಮಂತ ಮುಗಿಸಿಕೊಂಡು ಬಂದಳು. ಎದುರು ಮನೆಯಾಕೆ ಕಾಂಪೌಂಡಿನಿಂದಲೇ ಎಲ್ಲಾ ಚೀಲಗಳ ತನಿಖೆ ಮಾಡಿದರು. ಮಂಚವನ್ನು ನಮ್ಮ ಮನೆಯವರು ಇಳಿಸಿದರು, ಹಾಸಿಗೆಯನ್ನು ಮಗಳು ಹಾಸಿಕೊಂಡಳು. ಆ ಹಾಸಿಗೆಯ ವರ್ಣನೆ ನನ್ನ ಶಕ್ತಿಗೆ ಮೀರಿದ್ದು. ಹೊದಿಕೆ ಒಂದು ಕಡೆ ನೆಲ ಗುಡಿಸುತ್ತಿತ್ತು, ಇನ್ನೊಂದು ಕಡೆ ಹಾಸಿಗೆ ಬೆತ್ತಲೆಯಾಗಿತ್ತು. ದಿಂಬಿನ ಕವರು ಒಳಹೊರಗಾಗಿತ್ತು. ಮೂಲೆಗಳಲ್ಲಿ ಲಕೋಟೆಯೂ ಇಲ್ಲ, ಪೋಸ್ಟ್ ಕಾರ್ಡೂ ಇಲ್ಲ. ಹೆತ್ತ ತಾಯಿ ನರ್ಸ್ ಎಂದರೆ ಯಾರೂ ನಂಬಬಾರದು, ಹಾಗಿತ್ತು.

ಈಗ ಆ ಮಂಚದಲ್ಲಿ ಇಬ್ಬರಿದ್ದಾರೆ. ಮೊದಲ ಸ್ನಾನ ನಾನೇ ಮಾಡಿಸಿದೆ. ಮಗು ಅತ್ತಿತು, ನಾನು ಅಳಲಿಲ್ಲ. ಕೈಯಲ್ಲಿ ಮಗುವಿದ್ದಾಗ ಕಣ್ಣು ಮಂಜಾಗಬಾರದು. ಬೀಗಿತ್ತಿ ಭಾನುವಾರ ಬಂದು ಎರಡೂ ಮನೆಗಳ ಲೆಕ್ಕದಲ್ಲಿ ಅಳುತ್ತಾರೆ. ಮಗುವನ್ನು ನೆಟ್ಟಗೆ ಹಿಡಿದಿದ್ದಾರೆಯೇ ಎಂದು ನಾನು ಪ್ರತಿ ಸಲವೂ ನೋಡಿಕೊಳ್ಳುತ್ತೇನೆ. ಮೂಗು ಅವರ ಮನೆಯದ್ದೇ ಎಂದು ಒಪ್ಪಿಕೊಂಡಿದ್ದೇನೆ.

ಬೆಳಿಗ್ಗೆ ಮಗಳು ಮಗುವನ್ನೆತ್ತಿಕೊಂಡು ಹಿತ್ತಲಿನ ಎಳೆಬಿಸಿಲಿಗೆ ಹೋದಾಗ ನಾನು ಒದ್ದೆ ಬಟ್ಟೆ ತೆಗೆಯಲು ಆ ಕೋಣೆಗೆ ಹೋಗುತ್ತೇನೆ. ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿರುತ್ತದೆ. ಮುದುರಿದ ಹೊದಿಕೆ, ಅದರ ಮೇಲೆ ಹಾಲಿನ ಕಲೆ, ಫೋನಿನ ಚಾರ್ಜರು, ಅರ್ಧ ತಿಂದ ಬಿಸ್ಕತ್ತು, ನಡುವೆ ಒಂದು ದೊಡ್ಡ ಗುಳಿ, ಪಕ್ಕದಲ್ಲಿ ಒಂದು ಸಣ್ಣ ಗುಳಿ. ನನ್ನ ಕೈ ತಾನಾಗಿ ಹೊದಿಕೆಯ ಮೂಲೆಗೆ ಹೋಗುತ್ತದೆ. ನಾನು ಅದನ್ನು ಹಿಂದಕ್ಕೆ ಕರೆದುಕೊಂಡು, ಒದ್ದೆ ಬಟ್ಟೆ ಮಾತ್ರ ಎತ್ತಿಕೊಂಡು ಹೊರಗೆ ಬರುತ್ತೇನೆ. ಬೆರಳು ತುರಿಸುತ್ತದೆ. ಬೆವರುವುದಿಲ್ಲ.